ವಾಹನ ವಿಚಾರ: ಡಿಕ್ಕಿಯ ಬಳಿಕ ಹಿಂದಿನ ಹೌಸಿಂಗ್ ಬಾಗಿದೆಯೇ?

ಪ್ರಶ್ನೆ: ನಮ್ಮಲ್ಲಿ ಆರು ವರ್ಷ ಹಳೆಯ ಬೊಲೆರೊ ಇದೆ. ಕಳೆದ ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ್ ಸಮೀಪ ರಸ್ತೆಯ ಬದಿಗೆ ನಿಲ್ಲಿಸಿದ್ದಾಗ ಕಬ್ಬು ತುಂಬಿದ ಟ್ರೇಲರ್ ಹಿಂದಿನಿಂದ ಬಂದು ಬಲಗಡೆಯ ಹಿಂದಿನ ಗಾಲಿಗೆ ಬಡಿಯಿತು. ತಗಡಿನ ಕೆಲಸ, ಬಣ್ಣ, ಗಾಲಿಯ ಹೊಸ ಡಿಸ್ಕ್ (ಟೈರ್ ಕೂರುವ ರಿಮ್) ಎಲ್ಲವೂ ವಿಮೆಯಲ್ಲಿ ಆದವು. ಆನಂತರ ಅದೇ ಗಾಲಿಯ ಬೇರಿಂಗ್ ಮತ್ತು ಆಯಿಲ್ ಸೀಲನ್ನು ಎರಡು ಸಲ ಬದಲಾಯಿಸಿದರೂ ಮತ್ತೆ ಎಣ್ಣೆ ಸೋರುತ್ತಿದೆ. ಟೈರಿನ ಹೊರ ಅಂಚು ಬೇಗ ಸವೆಯುತ್ತಿದೆ. ಅಲೈನ್‌ಮೆಂಟ್ ಕೂಡ ಮಾಡಿಸಿದೆವು. ಹೌಸಿಂಗ್, ಅಂದರೆ ಹಿಂದಿನ ಆಕ್ಸಲಿನ ಹೊರ ಕವಚ, ನೆಟ್ಟಗೇ ಇದೆ ಎಂದು ಮಿಸ್ತ್ರಿ ಹೇಳುತ್ತಾರೆ. ಅದನ್ನು ಬಿಚ್ಚಿಸದೆ ಪರೀಕ್ಷಿಸುವ ದಾರಿ ಇದೆಯೇ?
— ಓದುಗರೊಬ್ಬರು, ಭಾಲ್ಕಿ ತಾಲ್ಲೂಕು

ಉತ್ತರ: ಇದೆ, ಮತ್ತು ಅದಕ್ಕೆ ದುಬಾರಿ ಸಲಕರಣೆಯೇನೂ ಬೇಕಾಗುವುದಿಲ್ಲ. ಕಣ್ಣಳತೆಯನ್ನು ಮಾತ್ರ ನಂಬಬೇಡಿ. ಬೊಲೆರೊದಂತಹ ವಾಹನಗಳಲ್ಲಿ ಎಡಬಲದ ಎರಡು ಕೊಳವೆಗಳು ನಡುವಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡೂ ಗಾಲಿಗಳಿಗೆ ಹಂಚುವ ಗೇರುಗಳು) ಇರುವ ಗುಂಡಿಗೆಗೆ ಸೇರಿ ಒಂದೇ ಗಟ್ಟಿ ಹೌಸಿಂಗ್ ಆಗಿರುತ್ತದೆ. ಅದರ ತುದಿ ಮೂರ್ನಾಲ್ಕು ಮಿಲಿಮೀಟರ್ ಬಾಗಿದರೆ ಕೆಳಗೆ ಮಲಗಿ ನೋಡಿದವರ ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ತಿರುಗುವ ಆಕ್ಸಲ್ ಶಾಫ್ಟಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಬೇರಿಂಗಿನ ಗೂಡು ವಾಲಿರುವುದರಿಂದ ಬೇರಿಂಗ್ ಒಂದು ಪಕ್ಕದಲ್ಲಿ ಹೆಚ್ಚು ಭಾರ ಹೊರುತ್ತದೆ, ಶಾಫ್ಟ್ ಸೀಲಿನ ನಡುವಿಗೆ ಕೂರುವುದಿಲ್ಲ, ಹೊಸ ಸೀಲು ಕೆಲವೇ ದಿನಗಳಲ್ಲಿ ಹಳೆಯದರಂತೆಯೇ ಸೋರತೊಡಗುತ್ತದೆ. ಹಿಂದಿನಿಂದ ಬಿದ್ದ ಪೆಟ್ಟು ಕೊಳವೆಯ ತುದಿಯನ್ನು ಮುಂದಕ್ಕೆ ತಳ್ಳಿದಾಗ ಗಾಲಿಯ ಮುಂಭಾಗ ಒಳಮುಖವಾಗಿ ತಿರುಗುತ್ತದೆ, ಆಗ ಸವೆಯುವುದು ಟೈರಿನ ಹೊರ ಅಂಚೇ. ನಿಮ್ಮ ವಿವರಣೆ ಇದಕ್ಕೆ ಹೊಂದುತ್ತದೆ. ಆದರೂ ಅಳೆಯದೆ ಹೌಸಿಂಗ್ ಕೆಟ್ಟಿದೆಯೆಂದು ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಇದೇ ತೊಂದರೆಗಳನ್ನು ಬೇರೆ ಭಾಗಗಳೂ ಕೊಡಬಲ್ಲವು.

ಮೊದಲು ಅಗ್ಗದ ಕಾರಣಗಳನ್ನು ನೋಡಿ. ಹೌಸಿಂಗಿನ ಮೇಲೆ ಗಾಳಿ ಹೊರಹೋಗಲು ಬ್ರೀದರ್ ಎಂಬ ಚಿಕ್ಕ ಕಿಂಡಿ ಇರುತ್ತದೆ. ನಮ್ಮ ಎರೆಮಣ್ಣು ಅದರಲ್ಲಿ ಕುಳಿತು ಒಣಗಿದರೆ, ಎಣ್ಣೆ ಕಾದಾಗ ಒಳಗಿನ ಒತ್ತಡ ಸೀಲಿನ ಮೂಲಕವೇ ಹಾದಿ ಮಾಡಿಕೊಳ್ಳುತ್ತದೆ. ಸೋರುತ್ತಿರುವುದು ಗೇರ್ ಎಣ್ಣೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ: ಅದು ದಪ್ಪಗಿದ್ದು ಗಂಧಕದ ವಾಸನೆ ಹೊಡೆಯುತ್ತದೆ, ಬ್ರೇಕ್ ಎಣ್ಣೆ ತೆಳ್ಳಗಿರುತ್ತದೆ. ಗೇರ್ ಎಣ್ಣೆ ಬ್ರೇಕ್ ಶೂಗೆ ತಗುಲಿದ್ದರೆ ಶೂಗಳನ್ನು ಬದಲಾಯಿಸಲೇಬೇಕು; ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ಅಪಾಯಕಾರಿ.

ಎರಡನೆಯದು, ಕಮಾನು ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ನಡುವೆ ಬಿಗಿದು ಆಕ್ಸಲನ್ನು ಅದರ ಜಾಗದಲ್ಲಿ ನಿಲ್ಲಿಸುವ ಸೆಂಟರ್ ಬೋಲ್ಟ್. ಡಿಕ್ಕಿಯ ರಭಸಕ್ಕೆ ಅದು ತುಂಡಾದರೆ ಇಡೀ ಆಕ್ಸಲ್ ಪಟ್ಟಿಯ ಮೇಲೆ ಜಾರಿ ವಾಹನ ಸೊಟ್ಟಗೆ ಓಡುತ್ತದೆ, ಹೌಸಿಂಗ್ ಮಾತ್ರ ಸರಿಯಾಗಿಯೇ ಇರುತ್ತದೆ. ಎರಡೂ ಬದಿಯಲ್ಲಿ ಪಟ್ಟಿಯ ಮುಂದಿನ ಕೊಂಡಿಯ ಬೋಲ್ಟಿನಿಂದ ಆಕ್ಸಲ್ ಕೊಳವೆಯವರೆಗಿನ ದೂರವನ್ನು ಅಳೆದು ಹೋಲಿಸಿ. ಎಡಗಡೆಯ ಕೊಂಡಿಯಿಂದ ಬಲತುದಿಗೆ ಮತ್ತು ಬಲಗಡೆಯ ಕೊಂಡಿಯಿಂದ ಎಡತುದಿಗೆ ಮೂಲೆಯಳತೆಯನ್ನೂ ತೆಗೆದುಕೊಳ್ಳಿ. ಅಳತೆಗಳು ಹೊಂದದಿದ್ದರೆ ಆಕ್ಸಲನ್ನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್, ಸೆಂಟರ್ ಬೋಲ್ಟ್ ಮತ್ತು ಚಾಸಿಯ ಕೊಂಡಿಗಳನ್ನು ಮೊದಲು ನೋಡಬೇಕು.

ಇನ್ನು ಮುಖ್ಯ ಪರೀಕ್ಷೆ. ಗಾಲಿಯೊಂದಿಗೆ ತಿರುಗುವ ಭಾಗ, ಅಂದರೆ ಡಿಸ್ಕ್ ಅಥವಾ ಶಾಫ್ಟಿನ ಚಪ್ಪಟೆ ಮುಖ ಬಾಗಿದ್ದರೆ, ಗಾಲಿ ತಿರುಗಿದಂತೆ ಅಳತೆಯೂ ಬದಲಾಗುತ್ತದೆ. ತಿರುಗದ ಭಾಗವಾದ ಹೌಸಿಂಗ್ ಬಾಗಿದ್ದರೆ ಗಾಲಿಯನ್ನು ಎಷ್ಟು ತಿರುಗಿಸಿದರೂ ದೋಷ ಅಷ್ಟೇ ಉಳಿಯುತ್ತದೆ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಯಾರೂ ನಿಮಗೆ ಬೇಡದ ಸಾಮಾನು ಹಾಕಿಸಲಾರರು. ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರಿಯ ಜ್ಯಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು. ಡಿಸ್ಕಿನ ಅಂಚಿಗೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ತಂತಿಯ ಮೊನೆಯನ್ನು ಅಲುಗದಂತೆ ನಿಲ್ಲಿಸಿ ಗಾಲಿಯನ್ನು ಮೆಲ್ಲಗೆ ತಿರುಗಿಸಿ. ಅಂತರ ಹೆಚ್ಚುಕಡಿಮೆಯಾದರೆ ಡಿಸ್ಕನ್ನು ಎಡಗಡೆಯದರೊಂದಿಗೆ ಅದಲು ಬದಲು ಮಾಡಿ ಮತ್ತೆ ನೋಡಿ. ಆಗಲೂ ಬಲಗಡೆಯಲ್ಲೇ ಓಲಾಟ ಉಳಿದರೆ ಶಾಫ್ಟನ್ನು ಅನುಮಾನಿಸಬೇಕು.

ಬಳಿಕ ವಾಹನವನ್ನು ಸಮತಟ್ಟಾದ ನೆಲಕ್ಕೆ ಇಳಿಸಿ. ಶಹಾಬಾದ್ ಪರಸಿ ಹಾಸಿದ ಅಂಗಳ ಸಾಕು, ಆದರೆ ಗೌಂಡಿಗಳ ನೀರಿನ ಪೈಪಿನಿಂದ ಮಟ್ಟ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಳೆಯ ಪರಸಿ ಒಂದೊಂದು ಕಡೆ ಕುಸಿದಿರುತ್ತದೆ. ಎರಡೂ ಹಿಂದಿನ ಟೈರುಗಳ ಮುಂಭಾಗದಲ್ಲಿ, ಕಮಾನು ಪಟ್ಟಿ ಮತ್ತು ಪ್ರೊಪೆಲ್ಲರ್ ಶಾಫ್ಟ್ (ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲಿಗೆ ಬರುವ ಉದ್ದ ದಂಡ) ಅಡ್ಡ ಬಾರದಂತೆ ಆಕ್ಸಲಿಗಿಂತ ತುಸು ಕೆಳಗೆ, ಒಂದೇ ಎತ್ತರದಲ್ಲಿ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರವನ್ನು ಅಳೆಯಿರಿ. ವಾಹನವನ್ನು ಕೈಯಿಂದ ಸುಮಾರು ಒಂದು ಮೀಟರ್ ಮುಂದಕ್ಕೆ ತಳ್ಳಿದಾಗ ಅದೇ ಗುರುತುಗಳು ಅದೇ ಎತ್ತರದಲ್ಲಿ ಹಿಂಭಾಗಕ್ಕೆ ಬರುತ್ತವೆ. ಆಗ ಮತ್ತೊಮ್ಮೆ ಅಳೆಯಿರಿ. ಗುರುತುಗಳು ಅವೇ ಆಗಿರುವುದರಿಂದ ಡಿಸ್ಕ್ ಅಥವಾ ಟೈರಿನ ಓಲಾಟ ಈ ಲೆಕ್ಕದಲ್ಲಿ ಸೇರುವುದಿಲ್ಲ. ಗಟ್ಟಿ ಆಕ್ಸಲಿನಲ್ಲಿ ಎರಡು ಅಳತೆಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ಟೇಪು ಹಿಡಿದವರ ಲೆಕ್ಕಕ್ಕೆ ಬಿಡಿ. ಅದಕ್ಕಿಂತ ಹೆಚ್ಚಾಗಿದ್ದು, ಮತ್ತೆ ಅಳೆದಾಗಲೂ ಅಷ್ಟೇ ಬಂದರೆ, ಹೌಸಿಂಗ್ ಬಾಗಿದೆಯೆಂದೇ ತಿಳಿಯಬೇಕು.

ನೀವು ಮಾಡಿಸಿದ ಅಲೈನ್‌ಮೆಂಟ್ ಬಹುಶಃ ಮುಂದಿನ ಗಾಲಿಗಳದ್ದು ಮಾತ್ರ. ಹಿಂದಿನ ಗಟ್ಟಿ ಆಕ್ಸಲಿನಲ್ಲಿ ತಿರುಗಿಸಿ ಸರಿಪಡಿಸುವ ಬೋಲ್ಟುಗಳೇ ಇಲ್ಲದ ಕಾರಣ ಹಲವೆಡೆ ಅದರ ಅಳತೆಯನ್ನು ತೆಗೆಯುವುದೇ ಇಲ್ಲ. ನಾಲ್ಕೂ ಗಾಲಿ ಅಳೆಯುವ ಯಂತ್ರವಿರುವಲ್ಲಿಗೆ ಹೋಗಿ, ಹಿಂದಿನ ಎರಡು ಗಾಲಿಗಳ ಅಂಕಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಕೊಡುವಂತೆ ಕೇಳಿ. ಯಾವ ಬದಿ ಎಷ್ಟು ಬಾಗಿದೆ ಎಂಬುದು ಆ ಕಾಗದದಲ್ಲೇ ತಿಳಿಯುತ್ತದೆ, ಮತ್ತು ಅದು ಮುಂದೆ ವಿಮೆಯವರ ಎದುರಿಗೂ ಬೇಕಾಗುತ್ತದೆ.

ಬಿರುಕನ್ನೂ ಮರೆಯಬೇಡಿ. ಕಮಾನು ಪಟ್ಟಿ ಕೂರುವ ಜಾಗದ ಬೆಸುಗೆ ಮತ್ತು ಕೊಳವೆ ಗುಂಡಿಗೆಗೆ ಸೇರುವ ಅಂಚು, ಇವೆರಡೂ ಅನುಮಾನದ ಸ್ಥಳಗಳು. ಅಲ್ಲಿನ ಜಿಡ್ಡನ್ನು ಡೀಸೆಲಿನಿಂದ ತೊಳೆದು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿದು ಒಂದು ರಾತ್ರಿ ಬಿಡಿ. ಬಿರುಕು ಆರಪಾರಾಗಿದ್ದರೆ ಬಿಳಿಯ ಪುಡಿಯ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿರುತ್ತದೆ.

ಹೌಸಿಂಗ್ ಬಾಗಿದ್ದು ಖಚಿತವಾದರೆ ಗ್ಯಾಸಿನಿಂದ ಕಾಯಿಸಿ, ಹೊಡೆದು ನೇರ ಮಾಡಿಸಲು ಒಪ್ಪಬೇಡಿ. ಕೆಂಪಗೆ ಕಾದ ಉಕ್ಕು ಮೊದಲಿನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ, ಮತ್ತು ಇದು ಇಡೀ ವಾಹನದ ಹಿಂಭಾರ ಹೊರುವ ಭಾಗ. ಬದಲಾಯಿಸುವುದೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಜರಿಯಿಂದ ಹಳೆಯದನ್ನು ತರುವುದಾದರೆ ಅದನ್ನೂ ದೊಡ್ಡ ಲೇತಿನ ಮೇಲೆ ಹಿಡಿಸಿ ನೇರವಾಗಿದೆಯೇ ಎಂದು ನೋಡಿ, ಒಟ್ಟು ಉದ್ದವನ್ನೂ ಪಟ್ಟಿಯ ಆಸನಗಳ ನಡುವಿನ ದೂರವನ್ನೂ ನಿಮ್ಮದರೊಂದಿಗೆ ಹೋಲಿಸಿಯೇ ಹಣ ಕೊಡಿ.

ವಿಮೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಏನನ್ನೂ ಬಿಚ್ಚಿಸುವ ಮೊದಲೇ, ಅದೇ ಅಪಘಾತದಲ್ಲಿ ಆಗ ಕಣ್ಣಿಗೆ ಬೀಳದ ಹಾನಿ ಈಗ ಪತ್ತೆಯಾಗಿದೆ ಎಂದು ಹಳೆಯ ಕ್ಲೇಮಿನ ಸಂಖ್ಯೆ ನಮೂದಿಸಿ ಲಿಖಿತವಾಗಿ ತಿಳಿಸಿ, ಸರ್ವೇಯರ್ (ಹಾನಿಯನ್ನು ಅಂದಾಜು ಮಾಡುವವರು) ಮರುಪರಿಶೀಲನೆಯನ್ನು ಕೋರಿ. ಸಹಜ ಸವಕಳಿಗೆ ವಿಮೆ ಅನ್ವಯಿಸದ ಕಾರಣ ಅವರು ಮೊದಲು ಆ ಮಾತನ್ನೇ ಎತ್ತಬಹುದು. ಗಾಲಿಗಳ ಅಳತೆಯ ಮುದ್ರಿತ ಕಾಗದ, ಡಿಕ್ಕಿಯ ದಿನದ ಫೋಟೊ ಮತ್ತು ಬೇರಿಂಗ್ ಖರೀದಿಯ ರಸೀದಿಗಳು ಅದಕ್ಕೆ ಉತ್ತರವಾಗುತ್ತವೆ. ಸವಕಳಿ ಕಡಿತವಿಲ್ಲದ ಹೆಚ್ಚುವರಿ ರಕ್ಷಣೆ (ಝೀರೋ ಡೆಪ್ರಿಸಿಯೇಷನ್) ಪಡೆದಿರದಿದ್ದರೆ, 5ರಿಂದ 10 ವರ್ಷದ ವಾಹನದ ಲೋಹದ ಭಾಗಗಳಿಗೆ ಶೇ 40ರಷ್ಟು, ರಬ್ಬರ್ ಭಾಗಗಳಿಗೆ ಮತ್ತು ಟೈರಿಗೆ ಶೇ 50ರಷ್ಟು ಕಡಿತವಾಗುತ್ತದೆ.

ಪ್ರಶ್ನೆ: ನನ್ನ ಸಣ್ಣ ಕಾರಿನ ಹಿಂದಿನ ಗಾಲಿ ಡಿವೈಡರಿಗೆ ಬಡಿದಿದೆ. ಅದರಲ್ಲಿಯೂ ಹೌಸಿಂಗ್ ಪರೀಕ್ಷಿಸಬೇಕೇ?
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಎಂಜಿನ್ ಮುಂದಿನ ಗಾಲಿಗಳನ್ನು ತಿರುಗಿಸುವ ಸಣ್ಣ ಕಾರುಗಳಲ್ಲಿ ಹಿಂದೆ ಹೌಸಿಂಗ್ ಇರುವುದಿಲ್ಲ, ಹೆಚ್ಚಿನವುಗಳಲ್ಲಿ ಎರಡು ಗಾಲಿಗಳನ್ನು ಜೋಡಿಸುವ ಉಕ್ಕಿನ ತೊಲೆ ಇರುತ್ತದೆ, ಅದರೊಳಗೆ ಎಣ್ಣೆಯೂ ಇಲ್ಲ, ತಿರುಗುವ ಶಾಫ್ಟೂ ಇಲ್ಲ. ಆದರೆ ತೊಲೆಯೂ ಬಾಗುತ್ತದೆ, ತುದಿಯಲ್ಲಿ ಗಾಲಿ ಕೂರುವ ಗೂಟವೂ ಬಾಗುತ್ತದೆ. ಮೇಲೆ ಹೇಳಿದ ಸೀಮೆಸುಣ್ಣದ ಅಳತೆಯನ್ನೇ ಇಲ್ಲಿಯೂ ಮಾಡಬಹುದು, ಆದರೆ ಇಂಥ ಕಾರುಗಳಲ್ಲಿ ಅಲ್ಪ ವ್ಯತ್ಯಾಸವನ್ನು ತಯಾರಕರೇ ಇಟ್ಟಿರುವುದುಂಟು. ಆದ್ದರಿಂದ ಬಂದ ಅಂಕಿಯನ್ನು ನಿಮ್ಮ ಮಾದರಿಗೆ ಕಂಪನಿ ಹೇಳಿದ ಮಿತಿಯೊಂದಿಗೆ ಹೋಲಿಸಿ. ಗೂಟ ಬೋಲ್ಟಿನಿಂದ ಕೂರುವ ಮಾದರಿಯಾಗಿದ್ದರೆ ಮೊದಲು ಅದನ್ನಷ್ಟೇ ಬದಲಾಯಿಸಿ ಮತ್ತೆ ಅಳೆಯಿರಿ. ತೊಲೆಯೇ ಬಾಗಿದ್ದರೆ ಅದನ್ನು ಕಾಯಿಸುವುದಾಗಲಿ, ಬೆಸುಗೆ ಹಾಕಿಸುವುದಾಗಲಿ ಬೇಡ, ಹೊಸದನ್ನೇ ಹಾಕಿಸಿ.