ಪಿಕಪ್‌ಗೆ ಅಲ್ಯೂಮಿನಿಯಂ ಬಾಡಿ: ಮೈಲೇಜ್ ಎಷ್ಟು ಏರುತ್ತೆ?

ಪ್ರಶ್ನೆ: ಮಲ್ಪೆಯಿಂದ ಪಿಕಪ್‌ನಲ್ಲಿ ಮೀನು ಸಾಗಿಸ್ತೇನೆ ಸಾರ್. ಹಿಂದಿನ ಕಬ್ಬಿಣದ ಬಾಡಿ ತೆಗೆಸಿ ಅಲ್ಯೂಮಿನಿಯಂದು ಹಾಕಿಸಿದ್ರೆ ಲೀಟರಿಗೆ 3 ಕಿಲೋಮೀಟರ್ ಜಾಸ್ತಿ ಬರುತ್ತೆ ಅಂತಾರೆ. ಹಾಕಿಸಲಾ?

ಬರುವುದಿಲ್ಲ. ಈ 3 ಕಿಲೋಮೀಟರ್ ಮಾತು ಕೇಳಿ ಕೇಳಿ ಬೇಜಾರಾಗಿದೆ. ಹೇಳುವವರು ಹಳೇ ಬಾಡಿ, ಹೊಸ ಬಾಡಿ ಎರಡನ್ನೂ ತೂಕಕ್ಕೆ ಹಾಕಿ ತೋರಿಸಲಿ.

ನಿಮ್ಮ ಗಾಡಿ ಲೋಡ್ ಸಮೇತ 3 ಟನ್ ಅನ್ನಿ. ಹೊಸ ಬಾಡಿಯಿಂದ 100 ಕೆಜಿ ಇಳಿಯಿತು ಅಂತಲೇ ಇಟ್ಟುಕೊಳ್ಳೋಣ. ತೂಕ ನೂರಕ್ಕೆ 10ರಷ್ಟು ಇಳಿದರೆ ಮೈಲೇಜ್ 6ರಿಂದ 8ರಷ್ಟು ಏರಬಹುದು ಅನ್ನುವುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಆ ಪ್ರಕಾರ 14 ಕೊಡುವ ಗಾಡಿ 14.3 ಕೊಡಬಹುದು. ಅದೂ ಪೂರ್ತಿ ಸಿಗುವುದು ಕಷ್ಟ, ಯಾಕೆಂದರೆ ತೂಕದ ಜೊತೆ ಎಂಜಿನ್ನೂ ಸಣ್ಣದಾದರೇ ಅಷ್ಟು ಏರುವುದು, ನಿಮ್ಮ ಎಂಜಿನ್ ಬದಲಾಗಿಲ್ಲ ಅಲ್ವಾ? ಫೋರ್ಡ್ ಕಂಪನಿ 2015ರ ಎಫ್-150 ಪಿಕಪ್‌ಗೆ ಅಲ್ಯೂಮಿನಿಯಂ ಬಾಡಿ ಕೊಟ್ಟು 318 ಕೆಜಿವರೆಗೂ ಇಳಿಸಿತು, ಆದರೆ ಜೊತೆಗೆ 2.7 ಲೀಟರಿನ ಸಣ್ಣ ಟರ್ಬೊ ಎಂಜಿನ್ನನ್ನೂ ತಂದಿತು. ಚಾಸಿ, ಅಂದರೆ ಬಾಡಿ ಕೂರುವ ಕೆಳಗಿನ ಚೌಕಟ್ಟು, ಮಾತ್ರ ಗಟ್ಟಿ ಉಕ್ಕಿನದ್ದೇ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಭಯ ಇರುವುದು ಉಪ್ಪುನೀರಿನದ್ದು. ಅಲ್ಯೂಮಿನಿಯಂಗೆ ಏನೂ ಆಗಲ್ಲ ಅನ್ನುವುದು ಸುಳ್ಳು. ಅದು ಉಕ್ಕಿಗೆ ತಾಗಿರುವ ಕಡೆ ಮೀನಿನ ಐಸ್ ಕರಗಿ ಉಪ್ಪುನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ, ಮೊದಲು ಸವೆಯುವುದು ಅಲ್ಯೂಮಿನಿಯಂ. ಚಾಸಿಗೂ ಬಾಡಿಗೂ ನಡುವೆ ರಬ್ಬರ್ ಇಲ್ಲದೆ, ಬೋಲ್ಟಿಗೆ ನೈಲಾನ್ ಬುಷ್ ಇಲ್ಲದೆ ಸುಮ್ನೆ ಬಿಗಿದುಕೊಡುವವರ ಹತ್ತಿರ ಹೋಗಲೇಬೇಡಿ.

ಆದರೂ ಒಂದು ಲಾಭ ಇದೆ. ಇಳಿದ ತೂಕದಷ್ಟು ಮೀನು ಜಾಸ್ತಿ ಹಾಕಬಹುದು, ಒಟ್ಟು ತೂಕದ ಮಿತಿ ದಾಟದೆ. ದಿನಾ ಫುಲ್ ಲೋಡ್ ಹೋಗುವವರಿಗೆ ಮಾತ್ರ ಇದು ಗಿಟ್ಟುತ್ತದೆ. ಬಾಡಿ ಬದಲಿಸುವ ಮೊದಲು ಆರ್‌ಟಿಓ ಒಪ್ಪಿಗೆ ತಗೊಳ್ಳಿ, ಆರ್‌ಸಿಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಸ್ಟೆಪ್ನಿ ಮನೆಯಲ್ಲಿಟ್ಟರೆ?

ರಾತ್ರಿ ಘಾಟಿಯಲ್ಲಿ ಪಂಕ್ಚರ್ ಆದರೆ ಏನು ಮಾಡ್ತೀರಿ? ಬೇಡ.

ಪ್ರಶ್ನೆ: ಡೀಸೆಲ್ ಪೈಪಿಗೆ ಮ್ಯಾಗ್ನೆಟ್?

ಮೋಸ. ಆ ದುಡ್ಡಲ್ಲಿ ಟೈರಿನ ಗಾಳಿ ಸರಿಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ತೂಕ ಇಳಿಸಲು ಚಾಸಿಗೆ ತೂತು ಹೊಡೆಸಬಹುದು ಅಂತಾರಲ್ಲ?

ಹಾಗೆ ಹೇಳಿದ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ. ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಈಗಾಗಲೇ ಹೊಡೆಸಿದ್ದರೆ ಲೋಡ್ ಹಾಕುವುದನ್ನು ಇವತ್ತೇ ನಿಲ್ಲಿಸಿ, ಕಂಪನಿ ವರ್ಕ್‌ಶಾಪಿನಲ್ಲಿ ತೋರಿಸಿ.