ಕೆನ್ನೆಯ ಬಂಗಿಗೆ ಅಂಗಡಿ ಕ್ರೀಮು ಹಚ್ಚಿದವರಿಗೆ

ಸೇಡಂನ ಅಕ್ಕಾರೆ, ಹೆರಿಗೆಯಾದ ಮೇಲೆ ಎರಡೂ ಕೆನ್ನೆಗೆ ಕಂದು ಬಣ್ಣ ಬಂತು, ಮೆಡಿಕಲ್ ಅಂಗಡಿಯವರು ಕೊಟ್ಟ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಇರುವ ಕ್ರೀಮನ್ನು ಆರು ತಿಂಗಳು ಹಚ್ಚಿದೆ, ಈಗ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ ಅಂದಿರಿ. ಬಣ್ಣ ಬಂಗಿನದೇ (ಮುಖದ ಕಂದು ಕಲೆ, ಮೆಲಾಸ್ಮಾ) ಇರಬೇಕು, ಆದರೆ ಉರಿ ಆ ಸ್ಟಿರಾಯ್ಡಿನದು. ಅದು ಚರ್ಮವನ್ನು ತೆಳುವಾಗಿಸಿ ರಕ್ತನಾಳ ಹಿಗ್ಗಿಸುತ್ತದೆ. ಬಿಟ್ಟಾಗ ಕೆಲವು ವಾರ ಕೆಂಪು ಹೆಚ್ಚುವುದು ಸಹಜ. ಹೆದರಿ ಮತ್ತೆ ಹಚ್ಚಬೇಡ್ರಿ.

ಕಲಬುರಗಿಗೆ ಬಂದು ಚರ್ಮರೋಗ ತಜ್ಞರಿಗೆ ತೋರಿಸಿ, ಹಳೇ ಟ್ಯೂಬನ್ನೂ ತನ್ನಿ. ಕತ್ತಲ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದಾಗ ಕಲೆಯ ಅಂಚು ಇನ್ನೂ ಗಾಢವಾಗಿ ಕಂಡರೆ ಬಣ್ಣ ಮೇಲ್ಪದರದಲ್ಲಿದೆ, ಚಿಕಿತ್ಸೆಗೆ ಬೇಗ ಬಗ್ಗುತ್ತದೆ. ವ್ಯತ್ಯಾಸ ಕಾಣದಿದ್ದರೆ ಆಳದಲ್ಲಿದೆ. ನಮ್ಮಂಥ ಕಪ್ಪು ಚರ್ಮಕ್ಕೆ ಈ ದೀಪ ಅಷ್ಟು ನಂಬಿಕೆಯದಲ್ಲ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಉತ್ತಮ.

ಕೂಸಿಗೆ ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಆಗ ಸಾಮಾನ್ಯವಾಗಿ ಕಲೆ ತಿಳಿಮಾಡುವ ಅಜೆಲಾಯಿಕ್ ಆಮ್ಲದ ಕ್ರೀಮು (15 ಅಥವಾ 20 ಶೇಕಡಾ) ಕೊಡುತ್ತಾರೆ, ಅದೂ ಉರಿ ತಣಿದ ಮೇಲೆ. ಕಲೆ ತಿಳಿಮಾಡುವ ಇನ್ನೊಂದು ಔಷಧ ಹೈಡ್ರೋಕ್ವಿನೋನ್ ಕ್ರೀಮನ್ನು ವೈದ್ಯರ ಕಣ್ಗಾವಲಿನಲ್ಲಿ ಹಚ್ಚಿ ಮೂರು ತಿಂಗಳ ಆಸುಪಾಸಿಗೆ ನಿಲ್ಲಿಸುವುದು ರೂಢಿ. ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಕಲೆ ಕಟ್ಟಬಹುದು. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಮಾತ್ರೆ ಸ್ವಂತಕ್ಕೆ ನುಂಗಬೇಡ್ರಿ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಅಪಾಯ.

ನಿಜವಾದ ಔಷಧ ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕಿಂತ ಹೆಚ್ಚಿನದು, ಬಣ್ಣದ್ದು ಆಗಿರಲಿ, ಅದಕ್ಕೆ ಬಣ್ಣ ಕೊಡುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಮುಖ-ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಬರೀ ಸೆರಗು ಹೊದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಸಾಲದು. ನಿಂಬೆರಸವಂತೂ ಬೇಡವೇ ಬೇಡ, ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ.