ಮನಸ್ಸಿದ್ದರೂ ಮಾರ್ಗ ಕಾಣದವರು

"ನನ್ನ ತಮ್ಮನಿಗೆ ಈಗ 36. ಮೊನ್ನೆ ಬಂದು, ನನಗೆ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರಬಹುದು, ಡಾಕ್ಟರ ಹತ್ತಿರ ಹೋಗುತ್ತೇನೆ ಅಂದ. ಎರಡು ಡಿಗ್ರಿ ಮುಗಿಸಿದವನಿಗೆ ಈ ಮಕ್ಕಳ ಕಾಯಿಲೆ ಎಲ್ಲಿಂದ ಬಂತು? ಇಷ್ಟವಾದ ಕೆಲಸವಾದರೆ ಬೆಳಗಿನ ಜಾವದವರೆಗೂ ಕೂರುತ್ತಾನೆ. ತೆರಿಗೆ ಫಾರ್ಮು ಮಾತ್ರ ನಾಲ್ಕು ತಿಂಗಳಿಂದ ಡ್ರಾಯರಿನಲ್ಲೇ ಇದೆ. ಚಿಕ್ಕಂದಿನಿಂದಲೂ ಇವನು ಹೀಗೇ. ಬ್ಯಾಗು ಮರೆತು ಬರಿಗೈಲಿ ಶಾಲೆಗೆ ಹೋದದ್ದೂ ಉಂಟು. ಸೋಮಾರಿತನಕ್ಕೆ ಕಾಯಿಲೆಯ ಹೆಸರಿಟ್ಟು ಪತ್ರಿಕೆಗಳು ಕುಮ್ಮಕ್ಕು ಕೊಡಬಾರದು."
(ಒಬ್ಬ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಿದೆ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅರ್ಧ ನಿಮಿಷದ ವಿಡಿಯೊ ನೋಡಿ ತಮಗೂ ಇದೆ ಎಂದು ಸಾರಿಕೊಳ್ಳುವವರು ಇದ್ದಾರೆ. ನಿದ್ದೆಗೆಟ್ಟವರ, ಥೈರಾಯ್ಡ್ ಏರುಪೇರಾದವರ, ಖಿನ್ನತೆಯಲ್ಲಿ ಇರುವವರ ಗಮನವೂ ಚದುರುತ್ತದೆ. ಅಲ್ಲಿಗೆ ನಿಮ್ಮ ಪಾಲು ಸಂದಿತು. ಇನ್ನು ಉಳಿದದ್ದೆಲ್ಲ ನಿಮ್ಮ ತಮ್ಮನ ಪರ.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. "ಚಿಕ್ಕಂದಿನಿಂದಲೂ ಇವನು ಹೀಗೇ" ಎಂದು ದೂರಿನ ದನಿಯಲ್ಲಿ ಬರೆದಿದ್ದೀರಿ. ಮನೋವೈದ್ಯರು ಕೆದಕಿ ಕೇಳುವುದು ಇದನ್ನೇ. ಕಾಯಿಲೆ ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ತಂದ 2013ರ ಕೈಪಿಡಿಯಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಿವೆ, ಚಡಪಡಿಕೆ ಮತ್ತು ದುಡುಕಿಗೆ ಇನ್ನೊಂದು 9. ಮಕ್ಕಳಲ್ಲಾದರೆ ಒಂದು ಗುಂಪಿನಲ್ಲಿ 6 ಕಾಣಬೇಕು, 17 ತುಂಬಿದವರಲ್ಲಿ 5 ಸಾಕು. ಅವು 6 ತಿಂಗಳಾದರೂ ಇರಬೇಕು, ಮನೆ, ಕೆಲಸ ಎಂಬಂತೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ಅಡ್ಡಿಯಾಗುತ್ತಿರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಡಿಗ್ರಿ ಎಷ್ಟು ಎಂದು ಎಲ್ಲೂ ಕೇಳಿಲ್ಲ.

'ಮಕ್ಕಳ ಕಾಯಿಲೆ' ಎಂಬ ತಪ್ಪು ನಿಮ್ಮೊಬ್ಬರದಲ್ಲ, ಬಹಳ ಹಳೆಯದು. ಅಲೆಗ್ಸಾಂಡರ್ ಕ್ರೈಟನ್ ಎಂಬ ವೈದ್ಯ 1798ರಲ್ಲೇ ಗಮನ ಒಂದೆಡೆ ನಿಲ್ಲದ ಸ್ಥಿತಿಯನ್ನು ವರ್ಣಿಸಿ, ವಯಸ್ಸಾದಂತೆ ಸಾಮಾನ್ಯವಾಗಿ ತಗ್ಗುತ್ತದೆ ಎಂದು ಸಮಾಧಾನವನ್ನೂ ಹೇಳಿದ. 1968ರ ಅಮೆರಿಕನ್ ಕೈಪಿಡಿಯೂ ಹರೆಯದಲ್ಲಿ ಕಡಿಮೆಯಾಗುತ್ತದೆ ಎಂದಿತು. ಕಡಿಮೆಯಾಗುವುದು ಓಡಾಟ. ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಹುಡುಗ ದೊಡ್ಡವನಾದ ಮೇಲೆ ಮೀಟಿಂಗಿನಲ್ಲಿ ಸುಮ್ಮನೆ ಕೂರುತ್ತಾನೆ, ಮೇಜಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಿರುತ್ತದೆ. ಇನ್ನು ಹಾರದೆ, ಕಿಟಕಿಯಾಚೆ ನೋಡುತ್ತ ಕೂತಿದ್ದ ಹುಡುಗಿಯರನ್ನಂತೂ ಯಾರೂ ಗಮನಿಸಲೇ ಇಲ್ಲ. ಎಷ್ಟೋ ಮಂದಿಗೆ ಗೊತ್ತಾಗುವುದು ತಮ್ಮ ಮಕ್ಕಳನ್ನು ತಪಾಸಣೆಗೆ ಕರೆದೊಯ್ದಾಗ. ವಯಸ್ಕರಲ್ಲಿ ನೂರಕ್ಕೆ ಸುಮಾರು 2.5 ಮಂದಿಗೆ ಇದು ಇದೆ ಎಂಬ ಅಂದಾಜಿದೆ.

ನನ್ನ ಹಳೆಯ ಜಗಳ 'ಮನಸ್ಸಿದ್ದರೆ ಮಾರ್ಗ' ಎಂಬ ಗಾದೆಯ ಮೇಲೆ. ಇಷ್ಟವಾದದ್ದಕ್ಕೆ ರಾತ್ರಿಯಿಡೀ ಕೂರುವುದನ್ನು ನೀವು ಸೋಮಾರಿತನದ ಪುರಾವೆ ಮಾಡಿದ್ದೀರಿ. 'ಗಮನದ ಕೊರತೆ' ಎಂಬ ಕಾಯಿಲೆಯ ಹೆಸರೇ ದಾರಿ ತಪ್ಪಿಸುವಂಥದ್ದು, ಬಿಡಿ. ಇವರಲ್ಲಿ ಗಮನಕ್ಕೆ ಬರವಿಲ್ಲ, ಅದು ಹೇಳಿದ ಕಡೆ ನಿಲ್ಲುವುದಿಲ್ಲ, ಅಷ್ಟೇ. ಹೊಸತನ, ಆಸಕ್ತಿ, ತಲೆಯ ಮೇಲೆ ಕೂತ ಗಡುವು, ಇವುಗಳಲ್ಲೊಂದು ಇದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. 'ಮುಖ್ಯವಾದ ಕೆಲಸ' ಎಂಬ ಅರಿವೊಂದರಿಂದಲೇ ಆಗುವುದಿಲ್ಲ.

ಆ ಡ್ರಾಯರಿನ ಫಾರ್ಮನ್ನೇ ನೋಡೋಣ. 'ಫಾರ್ಮು ತುಂಬು' ಎಂಬುದು ನಮಗೆ ಒಂದು ಕೆಲಸ. ಬಿಡಿಸಿದರೆ ಹತ್ತು: ಹಳೆಯ ರಸೀದಿ ಹುಡುಕು, ಪಾಸ್‌ವರ್ಡ್ ನೆನಪಿಸಿಕೋ, ಮರೆತಿದ್ದರೆ ಬದಲಿಸು... ಮೂರನೆಯದರಲ್ಲಿ ಸಿಕ್ಕಿಬಿದ್ದು ಎದ್ದು ಹೋದರೆ ಫಾರ್ಮು ಡ್ರಾಯರಿಗೆ ವಾಪಸ್. ಡ್ರಾಯರು ಮುಚ್ಚಿತೆಂದರೆ ಇವರ ಪಾಲಿಗೆ ಅದು ಲೋಕದಲ್ಲೇ ಇಲ್ಲ. ಆದ್ದರಿಂದ ಅದು ಕಣ್ಣೆದುರು ಇರಲಿ, ಮೇಲೆ ಒಂದೇ ಸಾಲಿನ ಚೀಟಿ ಇರಲಿ: 'ಮೊದಲ ಪುಟದಲ್ಲಿ ಹೆಸರು ಬರೆ.' 25 ನಿಮಿಷಕ್ಕೆ ಟೈಮರ್ ಇಟ್ಟು ನೀವು ಪಕ್ಕದಲ್ಲಿ ನಿಮ್ಮದೇ ಕೆಲಸ ಮಾಡುತ್ತ ಕೂತುಕೊಳ್ಳಿ. ಸಲಹೆ ಬೇಡ, ಇಣುಕುವುದೂ ಬೇಡ. ಜೊತೆಗೊಬ್ಬರು ಇದ್ದಾರೆ ಎಂಬುದೇ ಎಷ್ಟೋ ಜನರನ್ನು ಕುರ್ಚಿಯಲ್ಲಿ ಕೂರಿಸುತ್ತದೆ.

ಅಲಾರಂ ಇಡುವುದು ಎಲ್ಲರಿಗೂ ಗೊತ್ತು, ಇಡುವ ಹೊತ್ತು ತಪ್ಪುತ್ತದೆ. ಹನ್ನೊಂದಕ್ಕೆ ಭೇಟಿಯಿದ್ದರೆ ಹನ್ನೊಂದಕ್ಕೆ ಬಾರಿಸಿ ಏನು ಪ್ರಯೋಜನ? ಹೊರಡುವ ಹೊತ್ತಿಗೆ ಇಡಬೇಕು, ಹೆಸರು 'ಈಗ ಚಪ್ಪಲಿ ಹಾಕು' ಎಂದಿರಬೇಕು. ಇಂಥ ಉಪಾಯಗಳು ಮೂರ್ನಾಲ್ಕು ವಾರದಲ್ಲಿ ಸವೆಯುತ್ತವೆ, ಹೊಸತನ ಹೋಗುತ್ತದಲ್ಲ. ಆಗ "ಇದೂ ಅಷ್ಟೇ ಆಯ್ತಾ?" ಎನ್ನಬೇಡಿ. ಚೀಟಿಯ ಬಣ್ಣ, ಜಾಗ ಬದಲಿಸಿದರೂ ಸಾಕು.

ಇನ್ನು ತಪಾಸಣೆ. ಇದಕ್ಕೆಂದೇ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಮೊದಲ 6ರಲ್ಲಿ 4 ಉತ್ತರಗಳು ಬಣ್ಣದ ಚೌಕದಲ್ಲಿ ಬಿದ್ದರೆ ವಿವರವಾಗಿ ನೋಡಿಸಿ ಎಂದಷ್ಟೇ ಅರ್ಥ. ಅದು ಜರಡಿ, ತೀರ್ಪಲ್ಲ. ತೀರ್ಪು ದೀರ್ಘ ಮಾತುಕತೆಯಿಂದ ಬರಬೇಕು. ಥೈರಾಯ್ಡ್, ಕಬ್ಬಿಣದ ಅಂಶ, ಗೊರಕೆ ಮತ್ತು ನಿದ್ದೆಯಲ್ಲಿ ಉಸಿರುಗಟ್ಟುವಿಕೆ, ಆತಂಕ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ), ಇವನ್ನೂ ವಿಚಾರಿಸಬೇಕು. ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ ಇನ್ನೊಬ್ಬರನ್ನು ಕಾಣಿ. ಬೈಪೋಲಾರ್ ಇದ್ದದ್ದು ತಪ್ಪಿಹೋಗಿ, ಗಮನ ನಿಲ್ಲಿಸಲೆಂದು ಉತ್ತೇಜಕ ಔಷಧಿ ಕೊಟ್ಟರೆ ಅದು ಕೆರಳಬಹುದು.

ಔಷಧಿಗೆ ಹೆದರುವುದೂ ಬೇಡ, ಪವಾಡ ಕಾಯುವುದೂ ಬೇಡ. ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕದ ಸಾಮಾನ್ಯ ಗುಳಿಗೆ ಮೂರ್ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಬಗೆ ಹೆಚ್ಚು ಹೊತ್ತು. ಆಟಮಾಕ್ಸೆಟಿನ್ ಎಂಬ ಇನ್ನೊಂದು ಔಷಧಿಯ ಫಲ ಕಾಣಲು ವಾರಗಳೇ ಬೇಕು. ಎರಡೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಟ್ಟವರು ಬೇಕಾದಷ್ಟಿದ್ದಾರೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ಏರಿಸುವುದು ಕ್ರಮ. ಪ್ರತಿ ಬಾರಿ ಏರಿಸಿದಾಗಲೂ ನಾಡಿ, ರಕ್ತದೊತ್ತಡ ನೋಡಬೇಕು. ಹಸಿವು, ನಿದ್ದೆ ತಗ್ಗಿದರೆ ಹೇಳಬೇಕು, ಸದ್ದಿಲ್ಲದೆ ನಿಲ್ಲಿಸಬಾರದು.

ಈಗ ನನ್ನ ಸಿಟ್ಟು. ಮರೆವೇ ಲಕ್ಷಣವಾದ ಈ ಕಾಯಿಲೆಗೆ ನೆರವು ಪಡೆಯಲು ಮೂರು ಭೇಟಿಗಳನ್ನು ಮರೆಯದೆ ಹೋಗಬೇಕು! ಫಾರ್ಮು ತುಂಬಲಾಗದವರ ಕೈಗೆ ಮೊದಲು ಕೊಡುವುದು ಹಲವು ಪುಟದ ಫಾರ್ಮು. ಒಂದು ಭೇಟಿ ತಪ್ಪಿದರೆ ಹೆಸರು ಪಟ್ಟಿಯ ಕೊನೆಗೆ. ಕುಂಟುವವರಿಗೆ ಚಿಕಿತ್ಸೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿಲ್ಲ ಎಂದಂತಾಯಿತು. ಇದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ, 'ವ್ಯವಸ್ಥೆ' ಅನ್ನುತ್ತಾರೆ.

ಆದ್ದರಿಂದ ನಿಮಗೊಂದು ಕೆಲಸ. ನಮಗೆ ಬರೆದಷ್ಟೇ ಸ್ಪಷ್ಟವಾಗಿ ಡಾಕ್ಟರಿಗೂ ಒಂದು ಪುಟ ಬರೆಯಿರಿ. ಬ್ಯಾಗು ಮರೆತದ್ದು, ಅಂಥವೇ ನಾಲ್ಕೈದು ಘಟನೆ, ಆಗ ವಯಸ್ಸೆಷ್ಟು ಎಂಬುದರ ಸಮೇತ. 'ಸೋಮಾರಿ' ಎಂಬ ಪದ ಬಿಡಿ, ಕಂಡದ್ದನ್ನಷ್ಟೇ ಬರೆಯಿರಿ. ಹಳೆಯ ಪ್ರಗತಿಪತ್ರ ಸಿಕ್ಕರೆ ಲಗತ್ತಿಸಿ. ಅಂಕಗಳಿಗಿಂತ ಅದರಲ್ಲಿ ಟೀಚರು ಬರೆದ ಷರಾ ಮುಖ್ಯ. ಭೇಟಿಯ ಹಿಂದಿನ ದಿನ ತಮ್ಮನಿಗೆ ಒಂದು ಫೋನ್, ಬೆಳಿಗ್ಗೆ ಇನ್ನೊಂದು. ಆ ಪುಟದ ನಕಲು ನಿಮ್ಮ ಹತ್ತಿರವೇ ಇರಲಿ, ಅವರು ಮನೆಯಲ್ಲೇ ಬಿಟ್ಟು ಹೋಗಿರುತ್ತಾರೆ.